ಸ್ಟಾಂಪ್ ಪೇಪರ್ ಇದೆಯಲ್ಲ ಸಾರ್!

"ಅಡ್ವಾನ್ಸ್ ತಗೊಂಡಿದ್ದಾನೆ ಸಾರ್. ತೀರೋವರೆಗೂ ಹೆಂಗೆ ಬಿಡೋದು?" ಬೆಂಗಳೂರಿನಲ್ಲಿ ಕಾರ್ಮಿಕ ಕೇಸು ನಡೆಸುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಇಟ್ಟಿಗೆ ಗೂಡಿನವರೂ ಇದನ್ನೇ ಹೇಳುತ್ತಾರೆ, ಮನೆಗೆಲಸದ ಹುಡುಗಿಯನ್ನು ಊರಿಂದ ಕರೆತಂದ ಫ್ಲಾಟಿನವರೂ ಇದನ್ನೇ ಹೇಳುತ್ತಾರೆ.

ಇವರ ಕಾನೂನು ಹಳೇ ಕಾಲದ ಧರ್ಮಶಾಸ್ತ್ರ ನಾರದ ಸ್ಮೃತಿಯಲ್ಲೇ ನಿಂತಿದೆ. ಅದರಲ್ಲಿ 15 ಬಗೆಯ ದಾಸರಿದ್ದಾರೆ. ಸಾಲಕ್ಕೆ ಸಿಕ್ಕವನು ಬಡ್ಡಿ ಸಮೇತ ತೀರಿಸಿದರೆ ಬಿಡುಗಡೆ. 1833ರಲ್ಲಿ ಗುಲಾಮಗಿರಿ ರದ್ದು ಮಾಡಿದ ಬ್ರಿಟಿಷ್ ಪಾರ್ಲಿಮೆಂಟು ಕಂಪನಿ ಆಳುತ್ತಿದ್ದ ನಮ್ಮ ಸೀಮೆಯನ್ನು ಹೊರಗಿಟ್ಟಿತು. 1843ರ ಕಾಯ್ದೆ ಬಂದ ಮೇಲೆ ಇಲ್ಲಿ ಆಳಿನ ಮೇಲೆ ಒಡೆತನ ಸಾಧಿಸಲು ಕೋರ್ಟಿಗೆ ಹೋಗುವಂತಿರಲಿಲ್ಲ. ಸಾಲಕ್ಕೆ ದುಡಿಸುವುದು ಮಾತ್ರ ನಿಲ್ಲಲಿಲ್ಲ.

ಅದನ್ನು ನಿಲ್ಲಿಸಲೆಂದೇ 1976ರ ಜೀತ ರದ್ದತಿ ಕಾಯ್ದೆ ಬಂದದ್ದು. ಇದರಲ್ಲಿ ಲೆಕ್ಕ ಪೂರ್ತಿ ತಿರುಗಾ ಮುರುಗಾ. ಜೀತದ ಸಾಲ ತೀರಿಸಬೇಕಾಗಿಯೇ ಇಲ್ಲ, ಅದು ರದ್ದು. ರದ್ದಾದ ಸಾಲಕ್ಕೆ ದುಡ್ಡು ಇಸಿದುಕೊಂಡರೆ ಅದೇ ಅಪರಾಧ, 3 ವರ್ಷದವರೆಗೆ ಜೈಲು. ಅವನೇ ಖುಷಿಯಿಂದ ಹೆಬ್ಬೆಟ್ಟು ಒತ್ತಿದ ಅಂದರೂ ಕರಾರಿಗೆ ಬೆಲೆಯಿಲ್ಲ. ಇದು ಜೀತದ ಸಾಲವಲ್ಲ ಅಂತ ಸಾಬೀತು ಮಾಡಬೇಕಾದವರೂ ಸಾಲ ಕೊಟ್ಟವರೇ.

ಹಾಗಂತ ಅಡ್ವಾನ್ಸೆಲ್ಲ ಜೀತವಲ್ಲ, ಗಾಬರಿ ಬೇಡ. ಸಾಲದ ನೆಪದಲ್ಲಿ ಕೂಲಿ ಕನಿಷ್ಠ ವೇತನಕ್ಕಿಂತ ಕಮ್ಮಿಯಾಯಿತೇ? ಬೇರೆ ಕಡೆ ಕೆಲಸಕ್ಕೆ ಹೋಗಲು, ಊರಿಗೆ ಹೋಗಲು ಅಡ್ಡಿಯಿದೆಯೇ? ಒಂದಕ್ಕೆ ಹೌದು ಅಂದರೂ ನೀವು ಕಷ್ಟದಲ್ಲಿದ್ದೀರಿ. ದೆಹಲಿ ಏಷ್ಯಾಡ್ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟಿದ ಕಾರ್ಮಿಕರ 1982ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹಸಿವಿನ ಒತ್ತಾಯವೂ ಬಲವಂತವೇ ಎಂದಿದೆ. ಪ್ರತಿ ಕೇಸೂ ಬೇರೆ, ಕಾಗದ ನೋಡದೆ ನಾನೇನೂ ಹೇಳೆನು.

ಗೂಡಿನ ಮಾಲೀಕರೊಬ್ಬರು ಕಾಗದ ತಂದಿದ್ದರು. 100 ರೂಪಾಯಿಯ ಸ್ಟಾಂಪ್ ಪೇಪರ್, ಕೆಳಗೆ ಗಂಡ ಹೆಂಡತಿಯ ನೇರಳೆ ಹೆಬ್ಬೆಟ್ಟು. ಮಧ್ಯೆ ಒಂದು ಸಾಲು: 'ಹಣ ತೀರುವವರೆಗೆ ಗೂಡು ಬಿಟ್ಟು ಹೋಗುವುದಿಲ್ಲ.' ಆಧಾರ್ ಕಾರ್ಡುಗಳೂ ಇವರ ಬೀರುವಿನಲ್ಲೇ. ಒಳ್ಳೆ ಮನುಷ್ಯ, ಹಬ್ಬಕ್ಕೆ ಬಟ್ಟೆ ಕೊಡಿಸುತ್ತಾರೆ. "ಯಜಮಾನರೇ, ಇದು ನಿಮಗೆ ಸಾಕ್ಷಿಯಲ್ಲ, ನಿಮ್ಮ ಮೇಲೆ ಸಾಕ್ಷಿ" ಅಂದೆ. ನಂಬಲಿಲ್ಲ. ನನ್ನ ಫೀಸು ಕೊಟ್ಟು, ಇನ್ನೊಬ್ಬ ವಕೀಲರನ್ನು ಕೇಳ್ತೀನಿ ಅಂತ ಹೊರಟರು.