ಎತ್ತು ತಿಂದ ಕಣಿಕೆ ಎಲ್ಲಿಗೆ ಹೋಯಿತು?

ಡೋಣಿ ಹೊಳೆಯ ದಂಡೆಯ ಎರೆಹೊಲಗಳಲ್ಲಿ ಬಿಳಿಜೋಳದ ರಾಶಿ ಮುಗಿದರೆ ಕಣಿಕೆಯ ಬಣವೆಗಳು ಏಳುತ್ತವೆ. ಮಳೆಗಾಲದ ಹೊತ್ತಿಗೆ ಬಣವೆ ಕರಗಿರುತ್ತದೆ, ಅದನ್ನು ತಿಂದ ಎತ್ತಿನ ತೂಕ ಮಾತ್ರ ಹೆಚ್ಚೇನೂ ಏರಿರುವುದಿಲ್ಲ. ಉಳಿದದ್ದು ಏನಾಯಿತು ಎಂದರೆ ‘ಸಗಣಿಯಾಯಿತು’ ಎನ್ನುವವರೇ ಹೆಚ್ಚು. ಅದು ಅರ್ಧ ಉತ್ತರ. ಅರಗಿದ ಭಾಗದ ಬಹುಪಾಲು ಎತ್ತಿನ ಮೂಗಿನಿಂದಲೇ ಹೊರಗೆ ಹೋಗಿದೆ!

ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಒಡೆದು ಸಣ್ಣ ಆಮ್ಲಗಳನ್ನಾಗಿ ಮಾಡುತ್ತವೆ. ಜೀವಕೋಶಗಳು ಅವನ್ನು ಉರಿಸಿ ಶಕ್ತಿ ಪಡೆಯುತ್ತವೆ. ಲೆಕ್ಕ ಸುಲಭವಾಗಲೆಂದು ಗ್ಲುಕೋಸನ್ನೇ ಹಿಡಿಯೋಣ: 180 ಗ್ರಾಂ ಗ್ಲುಕೋಸ್ 192 ಗ್ರಾಂ ಆಮ್ಲಜನಕದೊಂದಿಗೆ ಉರಿದರೆ 264 ಗ್ರಾಂ ಇಂಗಾಲದ ಡೈಆಕ್ಸೈಡ್, 108 ಗ್ರಾಂ ನೀರು. ತಿಂದದ್ದಕ್ಕಿಂತ ಉಸಿರಾಗಿ ಹೋದದ್ದೇ ಹೆಚ್ಚು ತೂಗುತ್ತದೆ, ಏಕೆಂದರೆ ಗಾಳಿಯ ಆಮ್ಲಜನಕವೂ ಅದರಲ್ಲಿ ಸೇರಿದೆ. ಒಂದು ಗ್ರಾಮೂ ನಾಶವಾಗಿಲ್ಲ. ಆ ಇಂಗಾಲ ಮುಂದಿನ ಹಿಂಗಾರಿಯಲ್ಲಿ ಯಾವುದೋ ಜೋಳದ ಎಲೆಯೊಳಗೆ ಮತ್ತೆ ಸೇರಬಹುದು. ಶಾಖವಾಗಿ ಹೋದ ಶಕ್ತಿ ಮಾತ್ರ ಮರಳುವುದಿಲ್ಲ.

ಹೀಗಿರುವಾಗ ಹುಲ್ಲು, ಅದನ್ನು ತಿನ್ನುವ ಪ್ರಾಣಿ, ಆ ಪ್ರಾಣಿಯನ್ನು ತಿನ್ನುವ ಪ್ರಾಣಿ ಎಂಬ ಆಹಾರ ಸರಪಳಿಯ ಪ್ರತಿ ಹಂತದಲ್ಲೂ ಶಕ್ತಿಯ ಶೇಕಡಾ 10ರಷ್ಟೇ ಮುಂದೆ ಹೋಗುತ್ತದೆ ಎಂದು ಮಕ್ಕಳಿಗೆ ‘ನಿಯಮ’ವಾಗಿ ಕಂಠಪಾಠ ಮಾಡಿಸುವುದು ನನಗೆ ಸಹಿಸಲಾಗದ ಸಂಗತಿ. ಈ ನಿಯಮವನ್ನು ಅಮೆರಿಕದ ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್ ಹೆಸರಿಗೆ ಹಚ್ಚುತ್ತಾರೆ. ಮಿನೆಸೋಟದ ಸೀಡರ್ ಬಾಗ್ ಸರೋವರವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಆತನ ಪ್ರಬಂಧವನ್ನು ವಿಮರ್ಶಕರು ಮೊದಲು ಒಪ್ಪಲಿಲ್ಲ. 1942ರಲ್ಲಿ ಅದು ಅಚ್ಚಾಗುವಷ್ಟರಲ್ಲಿ ಆತ 26ನೆಯ ವಯಸ್ಸಿಗೇ ತೀರಿಕೊಂಡಿದ್ದ. ಆ ಸರೋವರಕ್ಕೆ ಆತ ಕೊಟ್ಟ ಅಂಕಿಗಳು ಸಸ್ಯಾಹಾರಿಗಳಿಗೆ ಶೇ. 13.3, ಅವನ್ನು ತಿನ್ನುವ ಜೀವಿಗಳಿಗೆ ಶೇ. 22.3. ಹತ್ತು ಎಲ್ಲಿಯೂ ಇಲ್ಲ!

ಪ್ರಾಣಿ ಯಾವುದು ಎಂಬುದರ ಮೇಲೆ ಲೆಕ್ಕ ನಿಂತಿದೆ. ಅರಗಿದ ಆಹಾರದ 100 ಪಾಲಿನಲ್ಲಿ ಸಸ್ತನಿಗಳ ಬೆಳವಣಿಗೆಗೆ ಸಾಮಾನ್ಯವಾಗಿ ಸಿಗುವುದು 1ರಿಂದ 3 ಪಾಲು. ಮಿಡತೆಯಂಥ ಕೀಟಗಳಲ್ಲಿ ಸುಮಾರು 40. ಮೈ ಬೆಚ್ಚಗಿಡುವ ಖರ್ಚು ಮಿಡತೆಗಿಲ್ಲ. ಬೀಳಗಿ, ಮುಧೋಳ ಸೀಮೆಯ ಯಡಹಳ್ಳಿ ವನ್ಯಜೀವಿಧಾಮದಲ್ಲಿ ಹುಲ್ಲನ್ನು ಮೇಯುವ ಚಿಂಕಾರವೂ (ಜಿಂಕೆಯಂಥ ಸಣ್ಣ ಪ್ರಾಣಿ) ಬಿಸಿರಕ್ತದ್ದು, ಅದನ್ನು ಬೇಟೆಯಾಡುವ ತೋಳವೂ ಬಿಸಿರಕ್ತದ್ದು. ಎರಡೆರಡು ಸಲ ಈ ಖರ್ಚು ಕಳೆದ ಮೇಲೆ ತೋಳಗಳು ವಿರಳವಾಗಿರದೆ ಇನ್ನೇನು?

ನೀರಿನಲ್ಲಿ ಇನ್ನೊಂದು ಸೋಜಿಗವಿದೆ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ತೇಲುವ ಪಾಚಿಗಿಂತ ಅದನ್ನು ಆಧರಿಸಿದ ಪ್ರಾಣಿಗಳ ತೂಕವೇ ಹಲವು ಪಟ್ಟು ಹೆಚ್ಚೆಂದು ಅಳೆದಿದ್ದಾರೆ. ಬಾಗಲಕೋಟೆಯ ಮಿರ್ಚಿ ಭಜಿಯ ಅಂಗಡಿಯಲ್ಲಿ ಯಾವ ಕ್ಷಣ ನೋಡಿದರೂ ತಾಟಿನಲ್ಲಿರುವುದು ಹತ್ತಿಪ್ಪತ್ತು ಭಜಿ, ಆದರೆ ಸಂಜೆಯೊಳಗೆ ನೂರಾರು ಜನ ತಿಂದಿರುತ್ತಾರೆ. ಪಾಚಿಯೂ ಹಾಗೆ: ಒಂದೆರಡು ದಿನದಲ್ಲಿ ಇಮ್ಮಡಿಯಾಗುತ್ತದೆ, ಅಷ್ಟೇ ಬೇಗ ತಿನ್ನಿಸಿಕೊಳ್ಳುತ್ತದೆ. ಒಂದು ದಿನದ ತೂಕ ನೋಡಿ, ಪಾಚಿಯನ್ನು ಕೆಳಗೆ, ಅದನ್ನು ತಿನ್ನುವವರನ್ನು ಮೇಲೆ ಇಟ್ಟು ಗೋಪುರ ಕಟ್ಟಿದರೆ ಅದು ತಲೆಕೆಳಗಾಗಿ ಕಾಣುತ್ತದೆ. ವರ್ಷಪೂರ್ತಿ ಬೆಳೆದದ್ದನ್ನು ಕೂಡಿಸಿದರೆ ಪಾಚಿಯೇ ಅಗಲವಾದ ತಳವಾಗಿ ನಿಲ್ಲುತ್ತದೆ. ಆಲಮಟ್ಟಿ ಹಿನ್ನೀರಿನಂಥ ಕಡೆ ಹೊಳೆ ಹೊತ್ತು ತರುವ ಎಲೆ, ಕಸವನ್ನೂ ಆ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ.