ಇಂಕ್‌ಸ್ಕೇಪ್ ತೆರೆದ ಕೂಡ್ಲೆ ಹೆದರಿಕೆ ಆಗ್ತದೆ, ಎಂತ ಮಾಡುದು?

ಕುಂಬಳೆಯ ಓದುಗರೊಬ್ರ ಪ್ರಶ್ನೆ: "ಅಣ್ಣಾ, ನಮ್ಮೂರ ಬಯಲಾಟದ ನೋಟೀಸು ನಾನೇ ಮಾಡ್ಬೇಕೂಂತ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಹಾಕಿದ್ದೇನೆ, ತೆರೀತೇನೆ, ಅಷ್ಟೂ ಬಟನ್ ನೋಡಿ ಮುಚ್ತೇನೆ. ಕ್ಲಾಸಿಗೆ ಹೋಗದೆ ಕಲೀಲಿಕ್ಕೆ ಆಗ್ತದಾ?"

ಆಗ್ತದೆ ಮಾರಾಯ್ರೆ. ನಾನೂ ಕ್ಲಾಸಿಗೆ ಹೋದವ ಅಲ್ಲ. ಮೊದಲ ದಿನ ಒಂದು ಚೌಕ ಎಳೆದೆ, ಮೌಸಿನ ಚಕ್ರ ಎಂತದೋ ತಿರುಗಿತು, ಚೌಕ ಮಾಯ, ಪರದೆ ಇಡೀ ಖಾಲಿ, ಅರ್ಧ ಗಂಟೆ ಹುಡುಕಿ ಎಲ್ಲ ಹಾಳಾಯ್ತೂಂತ ಮುಚ್ಚಿ ಮೂರು ವಾರ ಆ ಕಡೆ ತಲೆ ಹಾಕ್ಲಿಲ್ಲ. ಹಾಳಾದ್ದೆಂತ ಇಲ್ಲ, ಪುಟ ಬದಿಗೆ ಸರಿದದ್ದು ಅಷ್ಟೆ. ಕೀಬೋರ್ಡಿನ 5 ಒತ್ತಿದ್ರೆ ಇಡೀ ಪುಟ ಎದುರಿಗೆ ಬರ್ತದೆ, 4 ಒತ್ತಿದ್ರೆ ನೀವು ಬಿಡಿಸಿದ್ದು ಎಲ್ಲಿದ್ರೂ ಸಿಗ್ತದೆ.

ಹಾಗಾಗಿ ನಾನು ಹೇಳುದು, ಮೊದಲು ವಾಪಸ್ ಬರುವ ದಾರಿ ಕಲೀರಿ, ಗುಡ್ಡೆ ಹತ್ತುವ ಮೊದಲು ಇಳಿಯುವ ದಾರಿ ನೋಡಿಟ್ಟ ಹಾಗೆ. 5, 4, ಮತ್ತೆ ಈಗ ಮಾಡಿದ್ದನ್ನು ವಾಪಸ್ ತೆಗೆಯುವ ಕಂಟ್ರೋಲ್ ಝಡ್. ಇನ್ನೊಂದು ಉಂಟು, ಎಳೆದ್ರೂ ಏನೂ ಕಾಣುದಿಲ್ಲ ಅಂತ ಆಗ್ತದೆ. ಕಳೆದ ಸಲ ಯಾವ ಬಣ್ಣ ಇಟ್ಟಿದ್ರೋ ಹೊಸ ಆಕಾರಕ್ಕೂ ಅದೇ ಬರ್ತದೆ, ಒಳಗಿನ ಬಣ್ಣವೂ ಅಂಚಿನ ಗೆರೆಯೂ ತೆಗೆದಿಟ್ಟಿದ್ರೆ ಕಾಣುದು ಹೇಗೆ? ಅದನ್ನು ಸೆಲೆಕ್ಟ್ ಮಾಡಿ ಪರದೆಯ ಕೆಳಗಿನ ಬಣ್ಣಗಳ ಸಾಲಿನಲ್ಲಿ ಒಂದು ಬಣ್ಣ ಒತ್ತಿ, ಎದ್ದು ಬರ್ತದೆ.

ಈ ಮೂರ್ನಾಲ್ಕು ಕೈಗೆ ಬಂದ್ರೆ ಹೆದರಿಕೆ ಅರ್ಧ ಹೋಯ್ತು. ಉಳಿದ ಬಟನ್ ಎಲ್ಲ ಇರ್ಲಿ ಬಿಡಿ. ನೋಟೀಸಿಗೆ ಬೇಕಾದ್ದು ಚೌಕ, ಅಕ್ಷರ, ಒಂದು ಫೋಟೋ ತರುದು, ಸಾಲು ಸರಿ ಮಾಡುದು, ಪಿಡಿಎಫ್ ತೆಗೆಯುದು. ಬಿಂದು ಬಿಂದು ಇಟ್ಟು ಗೆರೆ ಎಳೆಯುವ ಪೆನ್ ಟೂಲ್ ಎರಡು ತಿಂಗಳು ಮುಟ್ಬೇಡಿ, ಅದರಲ್ಲೇ ಸುಮಾರು ಜನ ಬಿಟ್ಟು ಓಡುದು. ಯೂಟ್ಯೂಬಲ್ಲಿ ನಲ್ವತ್ತು ವಿಡಿಯೋ ನೋಡಿ ಮತ್ತೆ ಶುರು ಮಾಡ್ತೇನೆ ಅಂದ್ರೆ ಶುರುವೇ ಆಗುದಿಲ್ಲ, ನನ್ನದೇ ಅನುಭವ. ಕಳೆದ ವರ್ಷದ ನೋಟೀಸು ಪಕ್ಕದಲ್ಲಿಟ್ಟು ಹಾಗೇ ನಕಲು ಮಾಡಿ.

ಮನೆಯಲ್ಲಿ ಹೈಸ್ಕೂಲು ಮಕ್ಕಳಿದ್ರೆ ಕೇಳಿ, ನಾಚಿಕೆ ಎಂತಕೆ. ನಮ್ಮ ಕೇರಳದ ಶಾಲೆಗಳಲ್ಲಿ ಕಂಪ್ಯೂಟರಿನಲ್ಲಿ ವಿಂಡೋಸಿನ ಬದಲು ಲಿನಕ್ಸೇ ಓಡುದು, ಐಸಿಟಿ, ಅಂದ್ರೆ ಕಂಪ್ಯೂಟರ್ ಪಾಠದ ಪುಸ್ತಕದಲ್ಲಿ ಇಂಕ್‌ಸ್ಕೇಪ್, ಫೋಟೋ ತಿದ್ದುವ ಜಿಂಪ್ ಪಾಠ ಬಂದಿದೆ, ಕನ್ನಡ ಮೀಡಿಯಮ್ಮಿನವ್ರಿಗೆ ಕನ್ನಡದಲ್ಲೇ. ಹಳೇ ಪುಸ್ತಕ ಅಟ್ಟದಲ್ಲಿ ಇದ್ರೂ ಇರ್ಬಹುದು.

ಕನ್ನಡ ಅಕ್ಷರದ್ದು ಬೇರೆ ಕತೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ತಂದು ಅಂಟಿಸಿದ್ರೆ "ಶ್ರೀ" ಇದ್ದಲ್ಲಿ ಎಂತೆಂತದೋ ಚಿಹ್ನೆ ಬರ್ತದೆ, ಅದು ನಿಮ್ಮ ತಪ್ಪಲ್ಲ, ಮೊಬೈಲಿನಲ್ಲಿ ಕನ್ನಡ ಬರೆಯುವ ಅದೇ ಯೂನಿಕೋಡಿನಲ್ಲಿ ಟೈಪ್ ಮಾಡಿ, ಒತ್ತಕ್ಷರ ಸರಿಯಾಗಿ ಕೂತ್ಕೊಳ್ತದೆ. ಮತ್ತೆ ಪ್ರೆಸ್ಸಿಗೆ ಕೊಡುವಾಗ ಒಂದು ಜಾಗ್ರತೆ. ನಾನು ಒಮ್ಮೆ ಇಂಕ್‌ಸ್ಕೇಪ್ ಸೇವ್ ಮಾಡುವ ಎಸ್‌ವಿಜಿ ಫೈಲನ್ನೇ ಕಳಿಸಿದ್ದೆ, ಅವ್ರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ, ಬೇರೆ ಯಾವುದೋ ಬಂದು ಕೂತು ಪ್ರಸಂಗದ ಹೆಸರು ಚೌಕದಿಂದ ಹೊರಗೆ, ಭಾಗವತರ ಹೆಸರು ಚೆಂಡೆಯ ಫೋಟೋದ ಮೇಲೆ. ಪುಣ್ಯಕ್ಕೆ ಪ್ರಿಂಟಿಗೆ ಮೊದಲು ವಾಟ್ಸಾಪಲ್ಲಿ ಫೋಟೋ ಕಳಿಸಿ ಕೇಳಿದ್ರು. ಈಗ ಅಕ್ಷರ ಎಲ್ಲ ಸೆಲೆಕ್ಟ್ ಮಾಡಿ ಕಂಟ್ರೋಲ್ ಶಿಫ್ಟ್ ಸಿ ಒತ್ತಿ ಆಕಾರ ಮಾಡಿ ಪಿಡಿಎಫ್ ತೆಗೀತೇನೆ. ಹಾಗೆ ಮಾಡಿದ ಮೇಲೆ ಅಕ್ಷರ ತಿದ್ಲಿಕ್ಕೆ ಆಗುದಿಲ್ಲ, ಅದ್ರಿಂದ ಮೊದಲೇ ಬೇರೆ ಹೆಸರಲ್ಲಿ ಒಂದು ಕಾಪಿ ಸೇವ್ ಮಾಡಿ, ಆಟದ ತಾರೀಕು ಬದಲಾಗುದು ಯಾವಾಗ್ಲೂ ಕೊನೇ ಗಳಿಗೆಯಲ್ಲೇ.