ಹೆಸರಿನ ತಲೆ ಊರು ಹೇಳುತ್ತೆ, ಬಾಲ ಕಾಲ ಹೇಳುತ್ತೆ

ಆಸ್ತಿ ಪಾಲಿನ ಕೇಸು ಅಂದ್ರೆ ಮೊದಲು ಟೇಬಲ್ ಮೇಲೆ ಬರೋದು ವಂಶವೃಕ್ಷ. ಮುತ್ತಾತನಿಂದ ಮರಿಮೊಮ್ಮಕ್ಕಳವರೆಗೆ ನಾಲ್ಕೈದು ತಲೆಮಾರು ಒಂದೇ ಹಾಳೆಲಿ ಕೂತಿರುತ್ತೆ. ವಕೀಲನಾಗಿ ನಾನು ನೋಡ್ಬೇಕಾದ್ದು ಯಾರಿಗೆಷ್ಟು ಪಾಲು ಅಂತ, ಆದ್ರೆ ವರ್ಷಗಟ್ಟಲೆ ಇವನ್ನ ಓದಿ ಓದಿ ಈಗ ಬರೀ ಹೆಸರು ನೋಡಿದ್ರೆ ಸಾಕು, ಕುಟುಂಬ ಯಾವ ಕಡೇದು, ಆಸಾಮಿಗೆ ಹೆಚ್ಚುಕಮ್ಮಿ ಎಷ್ಟು ವಯಸ್ಸು ಅಂತ ಅಂದಾಜಾಗುತ್ತೆ.

ತಲೆ ಅಂದ್ರೆ ದೇವರು. ಮಾದಪ್ಪ, ಮಾದೇಶ, ಮಹದೇವಸ್ವಾಮಿ ಅಂತ ಸಾಲಾಗಿ ಕಂಡ್ರೆ ಚಾಮರಾಜನಗರ ಮೈಸೂರು ಕಡೆ, ಮಲೆ ಮಹದೇಶ್ವರನ ಒಕ್ಕಲು. ನಂಜುಂಡ ಅಂದ್ರೆ ನಂಜನಗೂಡು, ತಿಪ್ಪೇಸ್ವಾಮಿ ಅಂದ್ರೆ ಚಿತ್ರದುರ್ಗದ ನಾಯಕನಹಟ್ಟಿ, ಕೊಟ್ರೇಶ ಅಂದ್ರೆ ಕೊಟ್ಟೂರು, ಹುಲುಗಪ್ಪ ಅಂದ್ರೆ ಕೊಪ್ಪಳ ಕಡೆಯ ಹುಲಿಗೆಮ್ಮ, ಯಲ್ಲಪ್ಪ ಅಂದ್ರೆ ಸವದತ್ತಿ ಗುಡ್ಡ, ಶರಣಬಸಪ್ಪ ಅಂದ್ರೆ ಕಲಬುರಗಿ. ಮಂಜುನಾಥ, ವೆಂಕಟೇಶ ಮಾತ್ರ ಈ ಲೆಕ್ಕಕ್ಕೆ ಸಿಗಲ್ಲ, ಎಲ್ಲಾ ಜಿಲ್ಲೇಲೂ ಇದಾರೆ. ತುಳುನಾಡಿನ ಹಳೇ ಹೆಸರುಗಳಲ್ಲಿ ದೇವರ ಬದಲು ಹುಟ್ಟಿದ ವಾರ ಇರುತ್ತೆ, ಭಾನುವಾರದವನು ಐತ, ಮಂಗಳವಾರದವನು ಅಂಗಾರ, ಶುಕ್ರವಾರ ತುಕ್ರ, ಶನಿವಾರ ತನಿಯ. ಇನ್ನು ಹುಚ್ಚಪ್ಪ, ತಿಪ್ಪ, ಕಲ್ಲ ಅಂತ ಕಂಡ್ರೆ ನಗಬೇಡಿ, ಎಷ್ಟೋ ಕಡೆ ಅದು ಮೊದಲಿನ ಮಕ್ಕಳು ಉಳೀದೇ ಇದ್ದಾಗ ದೃಷ್ಟಿ ಬೀಳದಿರ್ಲಿ, ಯಮನಿಗೂ ಬೇಡ ಅನ್ನಿಸ್ಲಿ ಅಂತ ಬೇಕಂತಲೇ ಇಟ್ಟ ಹೆಸರು.

ಬಾಲದ ಕತೆ ನನಗೆ ಇನ್ನೂ ಇಷ್ಟ. ಹಳೇ ಕಾಲದ ಹೆಂಗಸರ ಹೆಸರಿಗೆ "ಅಬ್ಬೆ" ಅಂತ ಬಾಲ ಇತ್ತು, ದಾನಚಿಂತಾಮಣಿ ಅತ್ತಿಮಬ್ಬೆ ಎಲ್ಲರಿಗೂ ಗೊತ್ತು, ಪಂಪನ ತಾಯಿ ಅಬ್ಬಣಬ್ಬೆ, ರನ್ನನ ತಾಯಿ ಅಬ್ಬಲಬ್ಬೆ. ಆ ಫ್ಯಾಷನ್ ಎಷ್ಟು ಪೂರ್ತಿಯಾಗಿ ಹೋಯ್ತು ಅಂದ್ರೆ ನನ್ನ ಕೈಗೆ ಬಂದ ಯಾವ ವಂಶವೃಕ್ಷದಲ್ಲೂ ಒಬ್ಬ ಅಬ್ಬೆನೂ ಇಲ್ಲ, ಮುತ್ತಜ್ಜಿ ಕಾಲಕ್ಕೆ ಎಲ್ಲಾ ಅಮ್ಮ, ಅವ್ವ, ಅಕ್ಕ ಆಗೋಗಿದೆ. ಗಂಡಸರು ಅಪ್ಪ, ಅಯ್ಯ, ಗೌಡ. ಹೆಸರುಗಳೂ ಬಾಯಲ್ಲಿ ಸವೆದಂಥವು, ಲಕ್ಷ್ಮಿ ಹೋಗಿ ಲಕ್ಕಮ್ಮ, ಭೈರವ ಹೋಗಿ ಬೈರ, ಸಿಂಹ ಹೋಗಿ ಸಿಂಗ, ವೃಷಭ ಹೋಗಿ ಬಸವ. ಹೊಯ್ಸಳರ ವಿಷ್ಣುವರ್ಧನನೇ ಬಿಟ್ಟಿದೇವ, ವಿಷ್ಣು ಸವೆದು ಬಿಟ್ಟಿ.

ಮುತ್ತಜ್ಜಿಯ ಮುಂದಿನ ತಲೆಮಾರಲ್ಲಿ ಸ್ಕೂಲು ಬಂತು ನೋಡಿ. ಮನೇಲಿ ಕಿಟ್ಟ ಆಗಿದ್ದವನನ್ನ ಅಡ್ಮಿಷನ್ ರಿಜಿಸ್ಟರಲ್ಲಿ ಕೃಷ್ಣಮೂರ್ತಿ ಮಾಡಿದ್ದು ಎಷ್ಟೋ ಊರಲ್ಲಿ ಹೆಡ್‌ಮೇಷ್ಟ್ರೇ, ಹುಟ್ಟಿದ ದಿನಾನೂ ಅವರೇ ಹಾಕಿದ್ದು! ಮೂರ್ತಿ, ಸ್ವಾಮಿ, ರಾಜು, ಆಮೇಲೆ ಕುಮಾರ್. ಸಿಂಗಾನಲ್ಲೂರಿನ ಮುತ್ತುರಾಜ 1954ರಲ್ಲಿ ರಾಜ್‌ಕುಮಾರ್ ಆಗಿ ತೆರೆ ಮೇಲೆ ಬಂದ್ರು, ಕುಮಾರ್ ಅಷ್ಟೊಂದು ಹಬ್ಬೋಕೆ ಅದೊಂದೇ ಕಾರಣ ಅಂತ ನಾನು ಹೇಳಲ್ಲ, ಆದ್ರೆ ಹಾಳೆ ನೋಡಿದ್ರೆ ಅನುಮಾನ ಅಂತೂ ಬರುತ್ತೆ. ಆಮೇಲೆ ಈಶನ ಕಾಲ, ಒಂದೇ ಮನೇಲಿ ಸುರೇಶ, ರಮೇಶ, ಮಹೇಶ, ಉಮೇಶ, ಹೆಣ್ಮಕ್ಕಳು ಸುನೀತಾ, ಅನಿತಾ, ಸವಿತಾ, ಇಲ್ಲಾಂದ್ರೆ ಜಯಶ್ರೀ, ರೂಪಶ್ರೀ. ಉಮೇಶ ಅಂದ್ರೂ ಶಿವನೇ, ಅಂದ್ರೆ ದೇವರು ಎಲ್ಲೂ ಹೋಗಿಲ್ಲ, ಊರಿನ ದೇವರು ಮಾತ್ರ ಹೋದ. ಅಲ್ಲಿಂದ ಹೆಸರು ನೋಡಿ ಜಿಲ್ಲೆ ಹೇಳೋದು ಕಷ್ಟ ಆಯ್ತು, ಇವತ್ತಿನ ಆರವ್, ವಿಹಾನ್, ಆದ್ಯ, ಸಾನ್ವಿ ಬೀದರ್‌ನವರೋ ಕೋಲಾರದವರೋ ಯಾರಿಗೆ ಗೊತ್ತು.

ಹೊಸ ಹೆಸರುಗಳ ಹಿಂದೆ ನಕ್ಷತ್ರದ ಕೈವಾಡಾನೂ ಇದೆ. ಅಶ್ವಿನಿ ಅಂದ್ರೆ ಚು ಚೆ ಚೋ ಲಾ, ಭರಣಿ ಅಂದ್ರೆ ಲಿ ಲು ಲೇ ಲೋ. ಜೋಯಿಸರು "ಲಿ" ಅಂದ್ಬಿಟ್ರೆ ಅಪ್ಪ ಅಮ್ಮ ಏನ್ ಮಾಡ್ತಾರೆ ಪಾಪ, ಲಿಖಿತ್ ಅಂತಿಡ್ತಾರೆ. ಹಿಂದೆ ಈ ಅಕ್ಷರದ್ದು ಜಾತಕಕ್ಕೆ ಮಾತ್ರ, ಕರೆಯೋ ಹೆಸರು ತಾತಂದೇ ಆಗ್ತಿತ್ತು.

ಅಪ್ಪನ ಹೆಸರಿಂದ ಬರೋ ತಾಪತ್ರಯ ಇನ್ನೊಂಥರ. ಹಳೇ ಮೈಸೂರಲ್ಲಿ ಇನಿಷಿಯಲ್ಲು, ಊರು ಆಮೇಲೆ ಅಪ್ಪ, ಕುವೆಂಪು ಅಂದ್ರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಧಾರವಾಡ ಕಡೆ ಅಡ್ಡಹೆಸರಿದೆ, ಹೂಗಾರ, ಬಡಿಗೇರ, ಮೆಣಸಿನಕಾಯಿ, ಉಳ್ಳಾಗಡ್ಡಿ, ಕಸುಬೋ ವ್ಯಾಪಾರಾನೋ ಹೆಸರಿಗಂಟಿದ್ದು, ಅವರಿಗೆ ಪಾಸ್‌ಪೋರ್ಟ್ ಅರ್ಜಿಲಿ ಸರ್‌ನೇಮ್ ಕಾಲಂ ತೊಂದರೆ ಇಲ್ಲ. ಮಂಡ್ಯದ ಹುಡುಗ ಅಲ್ಲಿ ಅಪ್ಪನ ಹೆಸರು ತುಂಬ್ತಾನೆ, ಅಮೆರಿಕಕ್ಕೆ ಹೋದ್ಮೇಲೆ ಆಫೀಸಲ್ಲಿ ಅವನನ್ನ ಮಿಸ್ಟರ್ ಚಿಕ್ಕೇಗೌಡ ಅಂತಾರೆ, ಇಲ್ಲಿ ಅಪ್ಪನಿಗೆ ಬಿಕ್ಕಳಿಕೆ.

ನಾಮಕರಣದ ದಿನ ಮಗು ಕಿವಿಲಿ ಎಷ್ಟು ಹೆಸರು ಬೇಕಾದ್ರೂ ಹೇಳ್ಬಹುದು, ಜನನ ಪ್ರಮಾಣಪತ್ರದಲ್ಲಿ ಒಂದೇ. ಹೆಸರಿಲ್ಲದೆ ನೋಂದಣಿ ಆಗಿದ್ರೆ ಒಂದು ವರ್ಷದೊಳಗೆ ಫೀಸಿಲ್ದೆ ಸೇರಿಸ್ಬಹುದು, ಆಮೇಲೆ ಲೇಟ್ ಫೀಸ್ ಕಟ್ಟಿ 15 ವರ್ಷದವರೆಗೆ. 2023ರ ಅಕ್ಟೋಬರ್ 1ರಿಂದ ಈಚೆ ಹುಟ್ಟಿದ ಮಕ್ಕಳಿಗೆ ಸ್ಕೂಲಿಗೂ ಪಾಸ್‌ಪೋರ್ಟಿಗೂ ಹುಟ್ಟಿದ ದಿನದ ದಾಖಲೆ ಅದೇ, ಹಾಗಾಗಿ ಕಾಗುಣಿತ ಅಲ್ಲೇ ಸರಿಯಾಗಿ ನೋಡ್ಕೊಳ್ಳಿ. ಮನೇಲಿ ಕರೆಯೋ ಹೆಸರು ಬೇರೆ ಇದ್ರೆ ಅಜ್ಜಿ ವಿಲ್ ಬರೆಸುವಾಗ ಎರಡೂ ಹಾಕ್ಸಿ, "ಆರವ್ ಉರುಫ್ ಮಾದೇಶ" ಅಂತ. ಬರೀ "ನನ್ನ ಮೊಮ್ಮಗ ಮಾದೇಶನಿಗೆ" ಅಂತ ಬರೆದ್ರೆ ಆ ಮಾದೇಶ ಯಾರು ಅಂತ ಕೋರ್ಟಲ್ಲಿ ಸಾಬೀತು ಮಾಡೋ ಹೊತ್ತಿಗೆ ಹುಡುಗನ ಮದುವೆ ಆಗಿರುತ್ತೆ.